ಮೊಬೈಲ್ ಮೌನವಾದಾಗ ಮಾತನಾಡುವ ಹವ್ಯಾಸಿಗಳು

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಾರು ಜನ ಮತ್ತೆ ಏಳಲಿಲ್ಲ. ಕಿಲ್ಲಾರಿ ಗ್ರಾಮದ ಸುತ್ತಮುತ್ತ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಉರುಳಿದವು. ಸತ್ತವರ ಸಂಖ್ಯೆ 10 ಸಾವಿರದ ಹತ್ತಿರ. ಅಂದಿನ ನಡುಕ ಗಡಿಯಾಚೆಗೂ ಹಬ್ಬಿ, ಆಗಿನ ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಜನರನ್ನೂ ಬೀದಿಗೆ ತಂದಿತ್ತು.

ಬಸವಣ್ಣನವರ ತಾಯಿಯ ತವರೂರೆಂದು ಪರಂಪರೆ ಹೇಳುವ, ಬಸವನ ಬಾಗೇವಾಡಿ ಸೀಮೆಯ ಇಂಗಳೇಶ್ವರದಿಂದ ಕಿಲ್ಲಾರಿ ಇರುವುದು ನೇರ ಅಳತೆಯಲ್ಲಿ 200 ಕಿ.ಮೀ.ಗೂ ಕಡಿಮೆ ದೂರದಲ್ಲಿ. ಎರಡೂ ಕಡೆಯದು ದಖ್ಖನಿನ ಅದೇ ಕಪ್ಪುನೆಲ. ಹಳೆಯ ಮನೆಗಳ ಗೋಡೆ, ಮಣ್ಣಿನ ಮೇಲ್ಮುದ್ದೆಗಳಲ್ಲಿಯೂ ಹೋಲಿಕೆಯಿದೆ. 2021 ಮತ್ತು 2022ರಲ್ಲಿ ವಿಜಯಪುರ ಹಾಗೂ ಕಲಬುರಗಿ ಜಿಲ್ಲೆಗಳಲ್ಲಿ ಹಲವು ಬಾರಿ ಲಘು ಕಂಪನಗಳು ದಾಖಲಾದವು. 2022ರ ಜುಲೈ 9ರ ಬೆಳಗಿನ ಕಂಪನದ ಪ್ರಮಾಣ 4ನ್ನು ದಾಟಿತ್ತು. ಅವು ಪಾತ್ರೆ ಅಲುಗಿಸಿ, ಜನರನ್ನು ಅಂಗಳಕ್ಕೆ ಓಡಿಸಿದರೂ ಅದೃಷ್ಟವಶಾತ್ ದೊಡ್ಡ ಹಾನಿ ಮಾಡಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಂಥದೊಂದು ನಸುಕಿನಲ್ಲಿ ವಿದ್ಯುತ್ ಹೋಗಿ, ಮೊಬೈಲ್ ಗೋಪುರ ಸ್ತಬ್ಧಗೊಂಡು, ರಸ್ತೆಯ ಸ್ಥಿತಿ ಏನೆಂದು ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ, ಇಂಥ ಒಂದು ಊರಿನ ಸುದ್ದಿ ಜಿಲ್ಲಾಧಿಕಾರಿಯ ಮೇಜಿಗೆ ತಲುಪುವುದು ಹೇಗೆ? ಜಗತ್ತಿನ ಅನೇಕ ಕಡೆ ಈ ಪ್ರಶ್ನೆಗೆ ಉತ್ತರವಾಗಿ ನಿಂತವರು ಸಂಬಳವಿಲ್ಲದ, ಸಮವಸ್ತ್ರವಿಲ್ಲದ ಹವ್ಯಾಸಿ ರೇಡಿಯೊ ಬಳಗದವರು. ಇವರನ್ನು ಸಂಕ್ಷಿಪ್ತವಾಗಿ 'ಹ್ಯಾಮ್'ಗಳು ಎನ್ನುತ್ತಾರೆ.

ಹ್ಯಾಮ್ ಎಂದರೆ ಯಾರು?

ಸ್ವಂತ ಆಸಕ್ತಿಯಿಂದ ರೇಡಿಯೊ ತಂತ್ರವನ್ನು ಕಲಿತು, ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು ತಮ್ಮದೇ ನಿಲ್ದಾಣ ನಡೆಸುವವರು ಹ್ಯಾಮ್‌ಗಳು. ಆಕಾಶವಾಣಿಯಂತೆ ಇವರು ಕಾರ್ಯಕ್ರಮ ಬಿತ್ತರಿಸುವುದಿಲ್ಲ. ಒಬ್ಬ ಹ್ಯಾಮ್ ಇನ್ನೊಬ್ಬನೊಡನೆ ಮಾತನಾಡುತ್ತಾನೆ. ವ್ಯಾಪಾರದ ಮಾತು, ಹಾಡು, ಗುಪ್ತ ಸಂಕೇತ ಇವೆಲ್ಲ ಈ ಅಲೆಗಳಲ್ಲಿ ನಿಷಿದ್ಧ.

ಭಾರತದಲ್ಲಿ ಈ ಹವ್ಯಾಸಕ್ಕೆ ನೂರು ವರ್ಷಗಳ ಇತಿಹಾಸವಿದೆ. 1920ರ ದಶಕದಲ್ಲಿ ದೇಶದಾದ್ಯಂತ ಬೆರಳೆಣಿಕೆಯಷ್ಟಿದ್ದ ಹವ್ಯಾಸಿಗಳ ಪರವಾನಗಿಗಳನ್ನು 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರ್ಕಾರ ರದ್ದುಪಡಿಸಿತು. ಸ್ವಾತಂತ್ರ್ಯಾನಂತರ ಹವ್ಯಾಸ ಮತ್ತೆ ಚಿಗುರಿತು. ಮಾಜಿ ಪ್ರಧಾನಿ ರಾಜೀವ್ ಗಾಂಧಿ ಸಹ ಪರವಾನಗಿ ಹೊಂದಿದ ಹ್ಯಾಮ್ ಆಗಿದ್ದರು. 1980ರ ದಶಕದಲ್ಲಿ ನಿಸ್ತಂತು ಉಪಕರಣಗಳ ಆಮದು ಸುಂಕಕ್ಕೆ ವಿನಾಯಿತಿ ದೊರೆತ ಬಳಿಕ ಹ್ಯಾಮ್‌ಗಳ ಸಂಖ್ಯೆ ಸಾವಿರಗಳಿಗೆ ಏರಿತು.

ಪ್ರತಿಯೊಬ್ಬ ಹ್ಯಾಮ್‌ಗೂ ಜಗತ್ತಿನಲ್ಲಿ ಇನ್ನಾರಿಗೂ ಇಲ್ಲದ ಒಂದು ಕರೆಸಂಕೇತ ಇರುತ್ತದೆ. ಭಾರತದ ಹ್ಯಾಮ್‌ಗಳ ಸಂಕೇತ ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. 'ವಿಯು2' ಎಂದು ಶುರುವಾದರೆ ಸಾಮಾನ್ಯ ಶ್ರೇಣಿ, 'ವಿಯು3' ಎಂದಾದರೆ ನಿರ್ಬಂಧಿತ ಶ್ರೇಣಿ. ಮಾತಿನ ನಡುವೆ ಈ ಸಂಕೇತವನ್ನು ಮತ್ತೆ ಮತ್ತೆ ಹೇಳಲೇಬೇಕು. ಅಲೆಯಲ್ಲಿ ಅನಾಮಧೇಯರಿಗೆ ಜಾಗವಿಲ್ಲ. ವದಂತಿ ಹಬ್ಬುವ ಹೊತ್ತಿನಲ್ಲಿ ಈ ಒಂದು ಶಿಸ್ತೇ ದೊಡ್ಡ ಆಸ್ತಿ.

ಮೊಬೈಲ್ ಏಕೆ ಕೈಕೊಡುತ್ತದೆ?

ಕಿಸೆಯಲ್ಲಿರುವ ಮೊಬೈಲ್ ಕೂಡ ಒಂದು ರೇಡಿಯೊ. ಆದರೆ ಅದು ಇನ್ನೊಂದು ಮೊಬೈಲ್‌ನೊಡನೆ ನೇರವಾಗಿ ಮಾತನಾಡುವುದಿಲ್ಲ. ಎದುರು ಮನೆಯವರಿಗೆ ಕರೆ ಮಾಡಿದರೂ ಮಾತು ಮೊದಲು ಗೋಪುರಕ್ಕೆ, ಅಲ್ಲಿಂದ ಕೇಬಲ್ ಅಥವಾ ಮೈಕ್ರೋವೇವ್ ಮೂಲಕ ದೂರದ ವಿನಿಮಯ ಕೇಂದ್ರಕ್ಕೆ ಹೋಗಿ, ಮತ್ತೆ ಗೋಪುರಕ್ಕೆ ಮರಳಿ ಎದುರು ಮನೆ ಸೇರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕರೆ ಸತ್ತಂತೆ.

ವಿಪತ್ತಿನಲ್ಲಿ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ. ಮೊದಲು ವಿದ್ಯುತ್ ಹೋಗುತ್ತದೆ. ಗೋಪುರದ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ. ಆನಂತರ ಜನರೇಟರಿಗೆ ಡೀಸೆಲ್ ತರಬೇಕು, ಅಷ್ಟರಲ್ಲಿ ರಸ್ತೆ ಮುಳುಗಿರುತ್ತದೆ. ಸೇತುವೆ ಕೊಚ್ಚಿಹೋದಾಗ ಅದರ ಪಕ್ಕದಲ್ಲಿಯೇ ಹಾದುಹೋದ ಆಪ್ಟಿಕಲ್ ಫೈಬರ್ ಕೂಡ ತುಂಡಾಗುತ್ತದೆ. ಇದಾವುದೂ ಆಗದಿದ್ದರೂ, ಎಲ್ಲರೂ ಒಮ್ಮೆಗೇ ತಮ್ಮವರಿಗೆ ಕರೆ ಮಾಡತೊಡಗಿದಾಗ ಜಾಲ ಉಸಿರುಗಟ್ಟುತ್ತದೆ.

ಈ ಸೀಮೆಗೆ ಇದು ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಳು. ಇಂಡಿ, ಸಿಂದಗಿ ಭಾಗದ ಭೀಮಾ ತೀರದ ಹಳ್ಳಿಗಳು ಆಗ ನೀರಿನ ನಡುವೆ ಸಿಕ್ಕಿಕೊಂಡಿದ್ದವು. ಡೋಣಿ ನದಿ ತುಂಬಿದಾಗಲೆಲ್ಲ ತಾಳಿಕೋಟೆ ಭಾಗದ ತಗ್ಗು ಸೇತುವೆಗಳ ಮೇಲೆ ನೀರು ಹರಿದು ಸಂಚಾರ ನಿಲ್ಲುತ್ತದೆ.

ಹ್ಯಾಮ್ ರೇಡಿಯೊಗೆ ಇಂಥ ಸರಪಳಿಯ ಹಂಗಿಲ್ಲ. ಒಂದು ಯಂತ್ರ, ಒಂದು 12 ವೋಲ್ಟ್ ಬ್ಯಾಟರಿ, ಒಂದು ತಂತಿ ಇವಿಷ್ಟೇ ನಿಲ್ದಾಣ. ಎದುರಿನ ತುದಿಯಲ್ಲಿಯೂ ಅಷ್ಟೇ ಇದ್ದರೆ ಸಾಕು. ನಡುವೆ ಯಾವ ಕಂಪನಿಯ ಗೋಪುರವೂ, ಯಾವ ವಿನಿಮಯ ಕೇಂದ್ರವೂ ಬೇಡ. ಕಾರಿನ ಅಥವಾ ಟ್ರ್ಯಾಕ್ಟರಿನ ಬ್ಯಾಟರಿಯಿಂದ ನಡೆಯುವ ನಿಲ್ದಾಣ ಕೇವಲ ಕಿವಿಗೊಟ್ಟು ಕುಳಿತಾಗ ಬಳಸುವ ವಿದ್ಯುತ್ತು ಸುಮಾರು 1 ಆಂಪಿಯರ್ ಮಾತ್ರ. 100 ವಾಟ್ ಶಕ್ತಿಯಲ್ಲಿ ಮಾತನಾಡುವಾಗ ಅದು 20 ಆಂಪಿಯರ್ ವರೆಗೆ ಏರುತ್ತದೆ. ಆದ್ದರಿಂದಲೇ ಅನುಭವಿ ಹ್ಯಾಮ್‌ಗಳು ಹೆಚ್ಚು ಕೇಳುತ್ತಾರೆ, ಕಡಿಮೆ ಮಾತನಾಡುತ್ತಾರೆ.

ಮುಗಿಲಿಗೆ ತಾಗಿ ಮರಳುವ ಅಲೆ

ಹ್ಯಾಮ್‌ಗಳು ಬಳಸುವ ಅಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಅತ್ಯುಚ್ಚ ಕಂಪನಾಂಕ, ಅಂದರೆ ವಿಎಚ್‌ಎಫ್. ಭಾರತದಲ್ಲಿ 144ರಿಂದ 146 ಮೆಗಾಹರ್ಟ್ಸ್ ವರೆಗಿನ ಪಟ್ಟಿ ಇದಕ್ಕೆ ಮೀಸಲು. ಕೈಯಲ್ಲಿ ಹಿಡಿದು ತಿರುಗುವ ವಾಕಿಟಾಕಿ ಕೆಲಸ ಮಾಡುವುದು ಇದರಲ್ಲಿಯೇ. ಈ ಅಲೆ ಬಹುತೇಕ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತದೆ, ಭೂಮಿಯ ಬಾಗುವಿಕೆಯನ್ನು ದಾಟಿ ಬಹಳ ದೂರ ಹೋಗಲಾರದು. ಬಯಲಿನಲ್ಲಿ ನಿಂತ ಇಬ್ಬರ ನಡುವೆ ಲೆಕ್ಕದ ಪ್ರಕಾರ 10 ಕಿ.ಮೀ., ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಆದರೆ 50 ಮೀಟರ್ ಎತ್ತರದ ಗೋಪುರದ ಮೇಲೋ, ಗುಡ್ಡದ ನೆತ್ತಿಯಲ್ಲೋ ಒಂದು 'ರಿಪೀಟರ್' ಇರಿಸಿದರೆ, ಅದು ಕೆಳಗಿನವರ ಮಾತನ್ನು ಕೇಳಿ ಅದೇ ಕ್ಷಣ ಮತ್ತೆ ಬಿತ್ತರಿಸುತ್ತದೆ. ಆಗ ಸುತ್ತಲಿನ ಸುಮಾರು 30 ಕಿ.ಮೀ. ವ್ಯಾಪ್ತಿಯ ವಾಕಿಟಾಕಿಗಳು ಪರಸ್ಪರ ಮಾತನಾಡಬಹುದು. ಗುಡ್ಡ ಎತ್ತರವಾದಷ್ಟೂ ವ್ಯಾಪ್ತಿ ಹಿರಿದು.

ಎರಡನೆಯದು ಉಚ್ಚ ಕಂಪನಾಂಕ, ಅಂದರೆ ಎಚ್‌ಎಫ್. ಹಿಂದೆ ಶಾರ್ಟ್‌ವೇವ್ ರೇಡಿಯೊದಲ್ಲಿ ದೂರದೇಶದ ವಾರ್ತೆ ಕೇಳಿದವರಿಗೆ ಇದು ಪರಿಚಿತ. ನೆಲದಿಂದ ನೂರಾರು ಕಿ.ಮೀ. ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವಿಷ್ಟಗೊಂಡ ಪದರವೊಂದಿದೆ. ಅದೇ ಅಯಾನುಗೋಳ. ಎಚ್‌ಎಫ್ ಅಲೆಗಳು ಅದಕ್ಕೆ ತಾಗಿ ಕನ್ನಡಿಗೆ ಬಿದ್ದ ಬೆಳಕಿನಂತೆ ಕೆಳಕ್ಕೆ ಮರಳುತ್ತವೆ.

ವಿಪತ್ತಿನ ಹೊತ್ತಿನಲ್ಲಿ ಹ್ಯಾಮ್‌ಗಳು ಇಲ್ಲೊಂದು ಉಪಾಯ ಹೂಡುತ್ತಾರೆ. ದೂರದೇಶದೊಡನೆ ಮಾತನಾಡಬೇಕಾದರೆ ಆಂಟೆನಾವನ್ನು ಎತ್ತರಕ್ಕೆ ಕಟ್ಟಬೇಕು. ಆದರೆ ನೆರೆಯ ಜಿಲ್ಲೆ, ರಾಜಧಾನಿಗಳು ಗುರಿಯಾದರೆ ಅದನ್ನು ಬೇಕೆಂದೇ ತಗ್ಗಿನಲ್ಲಿ, ಮೂರರಿಂದ ಆರು ಮೀಟರ್ ಎತ್ತರದಲ್ಲಿ ಕಟ್ಟುತ್ತಾರೆ. ಆಗ ಅಲೆ ಬಹುತೇಕ ನೆಟ್ಟಗೆ ಮೇಲಕ್ಕೆ ಹೋಗಿ, ಕಾರಂಜಿಯ ನೀರಿನಂತೆ ಸುತ್ತಲೂ ಬೀಳುತ್ತದೆ. 400 ಕಿ.ಮೀ. ಆಸುಪಾಸಿನವರೆಗೆ ನಡುವೆ ಖಾಲಿ ಬಿಡದೆ ಎಲ್ಲ ಕಡೆ ಕೇಳಿಸುತ್ತದೆ. ಗುಡ್ಡ, ಕಣಿವೆ ಯಾವುದೂ ಅಡ್ಡಿಯಲ್ಲ.

ಇದಕ್ಕೆ ಬೇಕಾದ ಆಂಟೆನಾ ಎಂದರೆ ಎರಡು ತುಂಡು ತಾಮ್ರದ ತಂತಿ. 7 ಮೆಗಾಹರ್ಟ್ಸ್ ಪಟ್ಟಿಗೆ ಒಂದೊಂದು ತುಂಡು ಸುಮಾರು 10 ಮೀಟರ್. ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಎಳೆದರೆ ಆಯಿತು. ಹಗಲಿನಲ್ಲಿ ಈ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಕಳೆದಂತೆ ಅಯಾನುಗೋಳ ತೆಳುವಾಗಿ, ನೆಟ್ಟಗೆ ಹೋದ ಅಲೆ ಮರಳದೆ ಬಾಹ್ಯಾಕಾಶಕ್ಕೆ ಸೋರಿಹೋಗುತ್ತದೆ. ಆಗ ಇನ್ನೂ ಕೆಳಗಿನ 3.5 ಮೆಗಾಹರ್ಟ್ಸ್ ಪಟ್ಟಿಗೆ ಇಳಿಯಬೇಕು, ಅದಕ್ಕೆ ತಂತಿಯ ಉದ್ದವೂ ಇಮ್ಮಡಿಯಾಗಬೇಕು. ಯಾವ ಹೊತ್ತಿಗೆ ಯಾವ ಪಟ್ಟಿ ಎಂಬ ಈ ತಿಳಿವಳಿಕೆ ಯಂತ್ರದೊಡನೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದು ಅಭ್ಯಾಸದಿಂದಲೇ ಬರಬೇಕು.

ಇಂಗಳೇಶ್ವರದಿಂದ ಒಂದು ಸಂದೇಶ

ಇದೆಲ್ಲ ಹೇಗೆ ಜೋಡಣೆಯಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಸನ್ನಿವೇಶದ ಮೂಲಕ ನೋಡಬಹುದು.

ಒಂದು ಬೆಳಗಿನ ಜಾವ ಭೂಮಿ ನಡುಗಿದೆ ಎಂದಿಟ್ಟುಕೊಳ್ಳಿ. ಇಂಗಳೇಶ್ವರದಲ್ಲಿ ಕೆಲವು ಹಳೆಯ ಮನೆಗಳು ಕುಸಿದಿವೆ, ಮೊಬೈಲ್‌ಗಳಲ್ಲಿ ಸಿಗ್ನಲ್ ಇಲ್ಲ. ಊರಿನ ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕ ಹ್ಯಾಮ್ ಪರವಾನಗಿ ಹೊಂದಿದ್ದಾರೆ. ಮೊದಲು ತಮ್ಮ ಮನೆಯವರು ಕ್ಷೇಮವೇ ಎಂದು ನೋಡಿಕೊಳ್ಳುತ್ತಾರೆ. ಹ್ಯಾಮ್‌ಗಳಿಗೆ ಕಲಿಸುವ ಮೊದಲ ಪಾಠವೇ ಅದು. ಮನೆಯ ಚಿಂತೆಯಲ್ಲಿರುವವ ಅಲೆಯ ಮೇಲೆ ಸ್ಥಿರವಾಗಿ ಕೂರಲಾರ. ಆನಂತರ ಶಾಲೆಯ ಅಂಗಳದಲ್ಲಿ ತಂತಿ ಕಟ್ಟಿ, ಟ್ರ್ಯಾಕ್ಟರಿನ ಬ್ಯಾಟರಿಗೆ ಯಂತ್ರ ಜೋಡಿಸುತ್ತಾರೆ.

ಬೆಂಗಳೂರಿನಲ್ಲಿ ಹ್ಯಾಮ್ ಒಬ್ಬರು ಆ ವೇಳೆಗೆ 'ನೆಟ್ ಕಂಟ್ರೋಲ್' ಆಗಿ ಕುಳಿತಿದ್ದಾರೆ. ಅಂದರೆ ಒಂದೇ ಕಂಪನಾಂಕದಲ್ಲಿ ಸೇರಿದ ಹತ್ತಾರು ನಿಲ್ದಾಣಗಳಲ್ಲಿ ಯಾರು ಯಾವಾಗ ಮಾತನಾಡಬೇಕೆಂದು ನಿರ್ಧರಿಸುವ ಸೂತ್ರಧಾರ. ಅವರ ಅಪ್ಪಣೆಯಿಲ್ಲದೆ ಯಾರೂ ಬಾಯಿ ತೆರೆಯುವಂತಿಲ್ಲ. 'ತುರ್ತು ಸಂದೇಶ ಇರುವವರು ಮಾತ್ರ ಕರೆಸಂಕೇತ ಹೇಳಿ' ಎಂದು ಅವರು ಕರೆ ನೀಡುತ್ತಾರೆ. ಇಂಗಳೇಶ್ವರದ ದನಿ ಏಳುತ್ತದೆ.

ಶಿಕ್ಷಕ ಓದುವ ಸಂದೇಶ ಕಾಗದದ ಮೇಲೆ ಮೊದಲೇ ಬರೆದಿಟ್ಟದ್ದು. ಅದಕ್ಕೊಂದು ಕ್ರಮಸಂಖ್ಯೆ, ತುರ್ತಿನ ದರ್ಜೆ, ಹೊರಟ ಸ್ಥಳ, ಸಮಯ, ಪದಗಳ ಎಣಿಕೆ, ಯಾರಿಗೆ, ಯಾರಿಂದ ಎಂಬ ವಿವರಗಳಿರುತ್ತವೆ. ಒಡಲು ಮಾತ್ರ ಚಿಕ್ಕದು: ಬೆಳಿಗ್ಗೆ 7 ಗಂಟೆ 40 ನಿಮಿಷ. ಕುಸಿದ ಮನೆ 6. ಅಡಿಯಲ್ಲಿ ಸಿಲುಕಿದವರು 4. ಗಾಯಾಳು 11. ಆಂಬುಲೆನ್ಸ್ 2, ಜೆಸಿಬಿ 1 ಬೇಕು. ಬಾಗೇವಾಡಿ ರಸ್ತೆ ತೆರೆದಿದೆ.

ಕೇಳಿದವರು ಅದನ್ನು ಬರೆದುಕೊಂಡು ಪೂರ್ತಿಯಾಗಿ ಮರಳಿ ಓದುತ್ತಾರೆ. ಪದಗಳ ಎಣಿಕೆ ತಾಳೆಯಾದರೆ ಮಾತ್ರ ಸಂದೇಶ ತಲುಪಿತೆಂದು ಲೆಕ್ಕ. ಅದೇ ಅಲೆಯನ್ನು ವಿಜಯಪುರದಲ್ಲಿ ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಕುಳಿತ ಹ್ಯಾಮ್ ಕೂಡ ಕೇಳಿಸಿಕೊಂಡಿರುತ್ತಾರೆ. ಚೀಟಿ ಅಧಿಕಾರಿಯ ಕೈ ಸೇರುತ್ತದೆ. ಒಂದು ವೇಳೆ ವಿಜಯಪುರಕ್ಕೆ ದನಿ ಸ್ಪಷ್ಟವಾಗದಿದ್ದರೆ ಬೆಂಗಳೂರಿನವರೋ, ಹುಬ್ಬಳ್ಳಿ ಅಥವಾ ಕಲಬುರಗಿಯಲ್ಲಿ ಕೇಳುತ್ತಿರುವವರೋ ಅದನ್ನು ಮತ್ತೆ ಹೇಳಿ ದಾಟಿಸುತ್ತಾರೆ.

ಈ ಕಟ್ಟುನಿಟ್ಟು ಅತಿಯೆಂದು ತೋರಬಹುದು. ಆದರೆ 'ನಾಲ್ವರು' ಎಂಬುದು ಬಾಯಿಂದ ಬಾಯಿಗೆ ಹೋಗುತ್ತ 'ನಲವತ್ತು' ಆದರೆ, ಇನ್ನೊಂದು ಊರಿಗೆ ಹೋಗಬೇಕಿದ್ದ ಜೆಸಿಬಿ ಇಲ್ಲಿಗೆ ಬರುತ್ತದೆ. ಆ ಇನ್ನೊಂದು ಊರಿನಲ್ಲಿ ಮಣ್ಣಿನಡಿ ಇದ್ದವರಿಗೆ ಅದರ ಬೆಲೆ ಏನೆಂಬುದನ್ನು ವಿವರಿಸಬೇಕಿಲ್ಲ.

ಅನುಭವ ಕಲಿಸಿದ ಪಾಠಗಳು

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ದೇಶದಲ್ಲಿಯೇ ಹಲವು ನಿದರ್ಶನಗಳಿವೆ. 1993ರ ಕಿಲ್ಲಾರಿ ಭೂಕಂಪದ ಬಳಿಕವೂ, 2001ರ ಜನವರಿ 26ರಂದು ಗುಜರಾತಿನ ಕಛ್ ಪ್ರದೇಶ ನಡುಗಿದಾಗಲೂ ಹ್ಯಾಮ್‌ಗಳು ಪರಿಹಾರ ಕಾರ್ಯಕ್ಕೆ ಸಂಪರ್ಕ ಒದಗಿಸಿದರು. ಭುಜ್ ಸುತ್ತಮುತ್ತ ದೂರವಾಣಿ, ವಿದ್ಯುತ್ ಎರಡೂ ನೆಲಕಚ್ಚಿದ್ದ ಆ ದಿನಗಳಲ್ಲಿ ಅವರು ಹೊತ್ತು ತಂದ ಯಂತ್ರಗಳು ಆಡಳಿತಕ್ಕೆ ಕಿವಿ, ಬಾಯಿ ಎರಡೂ ಆದವು.

ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಅಂಡಮಾನಿನ ಘಟನೆ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಪರವಾಗಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡವೊಂದು 2004ರ ಡಿಸೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಬೀಡುಬಿಟ್ಟಿತ್ತು. ದ್ವೀಪಗಳಲ್ಲಿ ಹ್ಯಾಮ್ ನಿಲ್ದಾಣಕ್ಕೆ ಬಹುಕಾಲದ ನಂತರ ದೊರೆತ ಅನುಮತಿ ಅದು. ಅಪರೂಪದ ಈ ತಾಣವನ್ನು ಸಂಪರ್ಕಿಸಲು ಜಗತ್ತಿನಾದ್ಯಂತದ ಹವ್ಯಾಸಿಗಳು ಮುಗಿಬಿದ್ದಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ಕಂಪಿಸಿ, ಸುನಾಮಿ ಅಪ್ಪಳಿಸಿತು. ದೂರವಾಣಿಗಳು ಮೌನವಾದವು. ಹವ್ಯಾಸಕ್ಕೆಂದು ಹೋದ ತಂಡ ಕೆಲವೇ ಗಂಟೆಗಳಲ್ಲಿ ದ್ವೀಪದ ತುರ್ತು ಸಂಪರ್ಕ ಕೇಂದ್ರವಾಗಿ ಬದಲಾಯಿತು. ದ್ವೀಪದಲ್ಲಿದ್ದವರು ಬದುಕಿದ್ದಾರೆಂಬ ಸುದ್ದಿ ಮುಖ್ಯಭೂಮಿಯ ಬಂಧುಗಳಿಗೆ ತಲುಪತೊಡಗಿತು. ಹೆಚ್ಚು ಹಾನಿಗೊಂಡಿದ್ದ ಕಾರ್ ನಿಕೋಬಾರ್‌ನಲ್ಲಿಯೂ ಆಮೇಲೆ ನಿಲ್ದಾಣ ತೆರೆಯಲಾಯಿತು.

ಈ ಪ್ರಸಂಗದ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ತಂಡ ಅಲ್ಲಿ ಇದ್ದದ್ದು ಆಕಸ್ಮಿಕ. ಅದು ಒಂದು ತಿಂಗಳು ಮೊದಲೇ ಬಂದು ಹೋಗಿದ್ದರೆ ಆ ಬೆಳಿಗ್ಗೆ ಪೋರ್ಟ್ ಬ್ಲೇರ್‌ನಿಂದ ಮಾತನಾಡಲು ಆ ದನಿ ಇರುತ್ತಿರಲಿಲ್ಲ.

ತೀರಾ ಇತ್ತೀಚಿನದು ಕರ್ನಾಟಕಕ್ಕೆ ತಾಗಿಕೊಂಡೇ ಇರುವ ವಯನಾಡಿನದು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೊಬೈಲ್ ಸಂಪರ್ಕ ಅಸ್ತವ್ಯಸ್ತವಾಗಿದ್ದಾಗ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯ ಕಟ್ಟಡದಲ್ಲಿಯೇ ಮೂಲ ನಿಲ್ದಾಣ ತೆರೆದರು. ಅಂಬಲವಯಲ್ ಬಳಿಯ ಅಂಬುಕುತ್ತಿ ಗುಡ್ಡದ ಮೇಲೆ ಸುಲ್ತಾನ್ ಬತ್ತೇರಿಯ ಹವ್ಯಾಸಿಗಳ ಸಂಘದ ರಿಪೀಟರ್ ಇತ್ತು. ಅದರ ಮೂಲಕ ಚೂರಲ್‌ಮಲದ ಕೆಸರಿನಲ್ಲಿ ನಿಂತವರ ವಾಕಿಟಾಕಿಯ ಮಾತು ಕಲ್ಪೆಟ್ಟಕ್ಕೆ ಮುಟ್ಟುತ್ತಿತ್ತು.

ಇಲ್ಲಿ ಮೂರು ಸಂಗತಿಗಳು ಕೂಡಿಬಂದಿದ್ದವು. ದುರಂತದ ಸ್ಥಳದಲ್ಲೊಬ್ಬ ಹ್ಯಾಮ್, ಗುಡ್ಡದ ಮೇಲೊಂದು ರಿಪೀಟರ್, ನಿರ್ಧಾರ ಕೈಗೊಳ್ಳುವ ಕಚೇರಿಯಲ್ಲಿ ಇನ್ನೊಬ್ಬ ಹ್ಯಾಮ್. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ನಿಷ್ಪ್ರಯೋಜಕ.

ನಗರದ ಹವ್ಯಾಸಿಗಳ ಬಲ

ಕರ್ನಾಟಕದಲ್ಲಿ ಈ ಹವ್ಯಾಸದ ಬೇರು ಗಟ್ಟಿಯಾಗಿರುವುದು ಬೆಂಗಳೂರಿನಲ್ಲಿ. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ ದೇಶದ ಹಳೆಯ ಕ್ಲಬ್‌ಗಳಲ್ಲೊಂದು, ಅದರ ಇತಿಹಾಸ 1959ಕ್ಕೆ ಹೋಗುತ್ತದೆ. ಹ್ಯಾಮ್ ಪರೀಕ್ಷೆಗೆ ತರಬೇತಿ ನೀಡುವ ಸಂಸ್ಥೆಗಳೂ ನಗರದಲ್ಲಿವೆ. ಮಂಗಳೂರಿನಲ್ಲಿಯೂ ಕ್ರಿಯಾಶೀಲ ಕ್ಲಬ್ ಇದೆ. ದೂರವಾಣಿ, ವಿಮಾನ, ಉಪಗ್ರಹ, ರಕ್ಷಣಾ ಉಪಕರಣಗಳ ಸಾರ್ವಜನಿಕ ಉದ್ದಿಮೆಗಳು ಬೆಂಗಳೂರಿನಲ್ಲಿ ನೆಲೆಯೂರಿದ್ದರಿಂದ ರೇಡಿಯೊ ಬಲ್ಲ ಎಂಜಿನಿಯರ್‌ಗಳಿಗೂ ಕೊರತೆಯಿರಲಿಲ್ಲ.

ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ನೌಕರರಿಗೇ 'ಉಪಗ್ರಹ' ಎಂಬ ಹೆಸರಿನ ಹ್ಯಾಮ್ ಕ್ಲಬ್ ಇದೆ. ಜಗತ್ತಿನ ಹವ್ಯಾಸಿಗಳಿಗಾಗಿ ಇಸ್ರೊ ರೂಪಿಸಿದ 42.5 ಕಿಲೊ ತೂಕದ 'ಹ್ಯಾಮ್‌ಸ್ಯಾಟ್' ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಏರಿತು. ಅದರಲ್ಲಿದ್ದ ಎರಡು ಪ್ರೇಷಾನುವರ್ತಿಗಳಲ್ಲಿ ಒಂದು ಭಾರತದ್ದು, ಇನ್ನೊಂದು ನೆದರ್‌ಲೆಂಡ್ಸ್‌ನ ಹವ್ಯಾಸಿಯೊಬ್ಬರು ರಚಿಸಿದ್ದು. ಒಂಬತ್ತು ವರ್ಷ ದುಡಿದ ಅದು 2014ರಲ್ಲಿ ಬ್ಯಾಟರಿ ಸೋತು ನಿವೃತ್ತಿಯಾಯಿತು.

ಸಾಮಾನ್ಯ ದಿನಗಳಲ್ಲಿ ನಗರದ ಹ್ಯಾಮ್‌ಗಳು ಮೋಟಾರು ರ‍್ಯಾಲಿ, ಮ್ಯಾರಥಾನ್‌ನಂಥ ಸಂದರ್ಭಗಳಲ್ಲಿ ದಾರಿಯುದ್ದಕ್ಕೂ ನಿಂತು ಸುದ್ದಿ ಮುಟ್ಟಿಸುತ್ತಾರೆ. ಹೊರಗಿನವರಿಗೆ ಇದು ಮೋಜಿನಂತೆ ಕಾಣಬಹುದು. ಆದರೆ ಬಿಸಿಲಿನಲ್ಲಿ ನಿಂತು, ಗದ್ದಲದ ನಡುವೆ ಸ್ಪಷ್ಟವಾಗಿ ಕೇಳಿ, ಚುಟುಕಾಗಿ ಹೇಳುವ ಅಭ್ಯಾಸ ಬರುವುದು ಅಲ್ಲಿಯೇ. ಯಂತ್ರವನ್ನು ಕಪಾಟಿನಲ್ಲಿಟ್ಟು ವಿಪತ್ತಿನ ದಿನವೇ ಹೊರತೆಗೆದವನಿಗೆ ಬ್ಯಾಟರಿ ಇಳಿದಿರುವುದು ಅಂದೇ ಗೊತ್ತಾಗುತ್ತದೆ.

ನಗರಕ್ಕೂ ತನ್ನದೇ ಅಪಾಯಗಳಿವೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿ, ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಬಂದದ್ದು ನೆನಪಿನಲ್ಲಿದೆ. ಎತ್ತರದ ಕಾಂಕ್ರೀಟ್ ಕಟ್ಟಡಗಳ ನಡುವೆ ವಿಎಚ್‌ಎಫ್ ಅಲೆ ಸುಲಭವಾಗಿ ಸಾಗದು. ಎಲ್‌ಇಡಿ ದೀಪ, ಚಾರ್ಜರ್‌ಗಳ ವಿದ್ಯುತ್ ಗದ್ದಲದಲ್ಲಿ ದೂರದ ಕ್ಷೀಣ ದನಿ ಮುಚ್ಚಿಹೋಗುತ್ತದೆ. ತಾರಸಿಯ ಮೇಲೆ ಆಂಟೆನಾ ಕಟ್ಟಲು ಅಪಾರ್ಟ್‌ಮೆಂಟ್ ಸಂಘಗಳನ್ನು ಒಪ್ಪಿಸುವುದೂ ಸುಲಭವಲ್ಲ.

ನಿಯಮ ಏನು ಹೇಳುತ್ತದೆ?

ಹ್ಯಾಮ್‌ಗಳು ಇತರರ ಪರವಾಗಿ ಸಂದೇಶ ಸಾಗಿಸಬಹುದೇ? ಸಾಮಾನ್ಯ ಕಾಲದಲ್ಲಿ ಅದಕ್ಕೆ ನಿರ್ಬಂಧವಿದೆ. 1978ರ ಹವ್ಯಾಸಿ ಸೇವಾ ನಿಯಮಗಳು ಭೂಕಂಪ, ಪ್ರವಾಹ, ಚಂಡಮಾರುತದಂಥ ವಿಕೋಪಗಳ ಸಂದರ್ಭಕ್ಕೆ ಮಾತ್ರ ವಿನಾಯಿತಿ ಕಲ್ಪಿಸಿದವು. ಆಗಲೂ ಜಿಲ್ಲಾಧಿಕಾರಿಯಂಥ ಸಕ್ಷಮ ನಾಗರಿಕ ಅಧಿಕಾರಿ, ಇಲ್ಲವೇ ಅವರಿಂದ ಅಧಿಕಾರ ಪಡೆದವರು ಒಪ್ಪಿಸಿದ ಸಂದೇಶಗಳನ್ನೇ ಸಾಗಿಸಬೇಕೆಂಬುದು ಅವುಗಳ ಆಶಯ.

ಇದು ಕೆಂಪುಪಟ್ಟಿಯ ಕಿರಿಕಿರಿ ಎನಿಸಬಹುದು. ಆದರೆ ಇದರಲ್ಲೊಂದು ವಿವೇಕವಿದೆ. ಹ್ಯಾಮ್ ಸುದ್ದಿಯ ವಾಹಕನೇ ಹೊರತು ಸುದ್ದಿಯ ಕರ್ತೃವಲ್ಲ. ಎಲ್ಲಿಗೆ ಯಾವ ನೆರವು ಹೋಗಬೇಕೆಂಬುದು ಆಡಳಿತದ ತೀರ್ಮಾನ. ಆದ್ದರಿಂದಲೇ ಜಿಲ್ಲಾಡಳಿತ ಮತ್ತು ಹ್ಯಾಮ್‌ಗಳ ಪರಿಚಯ ವಿಪತ್ತಿಗೆ ಮೊದಲೇ ಆಗಿರಬೇಕು. ಬಾಗಿಲಲ್ಲಿ ಯಂತ್ರ ಹಿಡಿದು ನಿಂತವನನ್ನು ಅಂದಿನ ಗೊಂದಲದಲ್ಲಿ 'ನೀವು ಯಾರು?' ಎಂದು ಕೇಳುವ ಪರಿಸ್ಥಿತಿ ಇದ್ದರೆ ಅಮೂಲ್ಯ ಗಂಟೆಗಳು ಹಾಗೆಯೇ ಕಳೆದುಹೋಗುತ್ತವೆ.

ಪರವಾನಗಿ ನೀಡುವುದು ಕೇಂದ್ರ ಸಂವಹನ ಸಚಿವಾಲಯದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ. 12 ವರ್ಷ ತುಂಬಿದವರೂ ಪರೀಕ್ಷೆಗೆ ಕೂರಬಹುದೆಂಬುದು ಅನೇಕರಿಗೆ ತಿಳಿಯದ ಸಂಗತಿ. ರೇಡಿಯೊದ ಮೂಲತತ್ವ ಹಾಗೂ ನಿಯಮಗಳ ಮೇಲೆ ಪ್ರಶ್ನೆಗಳಿರುತ್ತವೆ. ಪ್ರೌಢಶಾಲೆಯ ವಿಜ್ಞಾನ ಬಲ್ಲವರಿಗೆ ಕೆಲವು ವಾರಗಳ ಓದಿನಿಂದ ನಿರ್ಬಂಧಿತ ಶ್ರೇಣಿ ದಕ್ಕುವಂಥದು. ಪರವಾನಗಿಯಿಲ್ಲದೆ ಪ್ರೇಷಕ ಇಟ್ಟುಕೊಳ್ಳುವುದು, ಬಳಸುವುದು ಅಪರಾಧ. ಅಂತರಜಾಲದ ಅಂಗಡಿಗಳಲ್ಲಿ ಅಗ್ಗದ ವಾಕಿಟಾಕಿ ಕೊಂಡವರೆಲ್ಲ ಹ್ಯಾಮ್‌ಗಳಾಗುವುದಿಲ್ಲ.

ಬೇಕಿರುವುದು ಇನ್ನೊಂದು ತುದಿ

ಉಪಗ್ರಹ ದೂರವಾಣಿ, ಮೊಬೈಲ್‌ಗೆ ಬರುವ ಸರ್ಕಾರಿ ಎಚ್ಚರಿಕೆ ಸಂದೇಶಗಳು ಇರುವಾಗ ಈ ಹಳೆಯ ರೇಡಿಯೊ ಏಕೆ ಎಂಬ ಪ್ರಶ್ನೆ ಸಹಜ. ಎಚ್ಚರಿಕೆಯ ಸಂದೇಶ ಮೇಲಿನಿಂದ ಕೆಳಕ್ಕೆ ಮಾತ್ರ ಬರುತ್ತದೆ, 'ಇಲ್ಲಿ ನಾಲ್ವರು ಸಿಲುಕಿದ್ದಾರೆ' ಎಂಬ ಮಾತು ಅದರಲ್ಲಿ ಮೇಲಕ್ಕೆ ಹೋಗದು. ಉಪಗ್ರಹ ದೂರವಾಣಿ ಪರಿಣಾಮಕಾರಿಯಾದರೂ ದುಬಾರಿ, ಕಟ್ಟುಪಾಡುಗಳಿಗೆ ಒಳಪಟ್ಟದ್ದು, ಕೆಲವೇ ಅಧಿಕಾರಿಗಳ ಕೈಯಲ್ಲಿರುವಂಥದು. ಪೊಲೀಸ್ ನಿಸ್ತಂತು ಜಾಲ ಇದ್ದರೂ ವಿಪತ್ತಿನ ದಿನ ಅದು ತನ್ನ ಕೆಲಸದಲ್ಲಿಯೇ ಮುಳುಗಿರುತ್ತದೆ. ಹ್ಯಾಮ್ ಇವುಗಳಿಗೆ ಬದಲಿಯಲ್ಲ. ಇವೆಲ್ಲ ತಲುಪದ ಜಾಗದಲ್ಲಿ, ಇವೆಲ್ಲ ಬರುವವರೆಗಿನ ಮೊದಲ ಗಂಟೆಗಳಲ್ಲಿ ಆಸರೆ.

ಆದರೆ ಆ ಮೊದಲ ಗಂಟೆಗಳಲ್ಲಿ ಬೆಂಗಳೂರಿನಿಂದ ಯಾರೂ ಇಂಗಳೇಶ್ವರಕ್ಕೆ ಬಂದು ಮುಟ್ಟಲಾರರು. ರಸ್ತೆಯಲ್ಲಿ 500 ಕಿ.ಮೀ. ದೂರ. ನಗರದ ಹ್ಯಾಮ್ ಎಷ್ಟೇ ನುರಿತವರಾದರೂ, ಎಷ್ಟೇ ದೊಡ್ಡ ಆಂಟೆನಾ ಕಟ್ಟಿದ್ದರೂ, ಈ ತುದಿಯಲ್ಲಿ ಮಾತನಾಡುವವರಿಲ್ಲದಿದ್ದರೆ ಅವರಿಗೆ ಕೇಳಿಸುವುದು ಅಲೆಯ ಗೊರಗೊರ ಸದ್ದು ಮಾತ್ರ. ಹವ್ಯಾಸಿಗಳ ದಂಡು ನಗರಗಳಲ್ಲಿಯೇ ನೆರೆದಿರುವುದು, ವಿಪತ್ತುಗಳು ಮಾತ್ರ ನದಿದಂಡೆಯ, ಗುಡ್ಡದಡಿಯ, ಮಣ್ಣುಗೋಡೆಯ ಊರುಗಳಿಗೆ ಮೊದಲು ಎರಗುವುದು ಇಂದಿನ ವ್ಯವಸ್ಥೆಯ ದೊಡ್ಡ ಕೊರತೆ.

ಅದನ್ನು ತುಂಬಲು ಭಾರಿ ಹಣ ಬೇಕಿಲ್ಲ. ತಾಲ್ಲೂಕಿಗೆ ಮೂವರೋ ನಾಲ್ವರೋ ಶಿಕ್ಷಕರು, ಪಾಲಿಟೆಕ್ನಿಕ್ ಅಥವಾ ಐಟಿಐ ಉಪನ್ಯಾಸಕರು, ಆಸಕ್ತ ಯುವಕ ಯುವತಿಯರು ಪರೀಕ್ಷೆ ಬರೆದು, ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಬೆಂಗಳೂರಿನೊಡನೆ, ಜಿಲ್ಲಾ ಕೇಂದ್ರದೊಡನೆ ಮಾತನಾಡಿದರೆ ಸಾಕು. ಮಾತಿನ ವಿಷಯ ಮಳೆ-ಬೆಳೆಯೇ ಆಗಿರಲಿ. ಅಂದು ಕೇಳಿಸಿದ ದನಿ ಇನ್ನೊಂದು ದಿನ, ಕತ್ತಲಲ್ಲಿಯೂ ಗುರುತು ಸಿಗುತ್ತದೆ. ನೆಟ್ ಕಂಟ್ರೋಲ್ ಹೆಸರು ಕೇಳುವ ಮೊದಲೇ, 'ಇಂಗಳೇಶ್ವರ, ಹೇಳಿ' ಎಂದು ದಾರಿ ಬಿಡುತ್ತಾರೆ.